ಒಣ ಶ್ಯಾಂಪೂ: ಅಂದಕ್ಕೆ ಆಸರೆ, ತಲೆಸ್ನಾನಕ್ಕೆ ಬದಲಲ್ಲ

ಕೇಶರಾಶಿಯು ಮುಖಕ್ಕೆ ನಿಸರ್ಗವೇ ಕಟ್ಟಿಕೊಟ್ಟ ಚೌಕಟ್ಟು. ಎಣ್ಣೆ-ನೀರು ಕಂಡ, ಸಿಕ್ಕು ಬಿಡಿಸಿ ಬಾಚಿದ, ಒಂದೆಳೆ ಹೂವು ಮುಡಿದ ತಲೆಯು ಯಾವ ಒಡವೆಗೂ ಕಡಿಮೆಯಲ್ಲವೆಂಬುದು ನಮ್ಮ ಹಿರಿಯ ತಾಯಂದಿರ ನಂಬಿಕೆಯಾಗಿತ್ತು. ಆದರೆ ವಾರಕ್ಕೊಂದು ದಿನ ಹಂಡೆಯಲ್ಲಿ ನೀರು ಕಾಯಿಸಿ, ಸೀಗೆಪುಡಿ ಕಲಸಿ, ತಲೆಗೆ ಎರೆದುಕೊಂಡು, ಹಿತ್ತಲಿನ ಬಿಸಿಲಿನಲ್ಲಿ ಕೂದಲು ಹರವಿಕೊಂಡು ಕುಳಿತುಕೊಳ್ಳುವಷ್ಟು ಬಿಡುವು ಇಂದು ಎಷ್ಟು ಮನೆಗಳಲ್ಲಿದೆ? ಬೆಳಗಿನ ಏಳು ಗಂಟೆಗೆ ಬಸ್ಸು ಹಿಡಿಯಬೇಕಾದ ಉದ್ಯೋಗಸ್ಥ ಸ್ತ್ರೀಯರು, ಸರದಿಯಲ್ಲಿ ನಿಂತು ಸ್ನಾನಗೃಹಕ್ಕಾಗಿ ಕಾಯುವ ವಸತಿನಿಲಯದ ವಿದ್ಯಾರ್ಥಿನಿಯರು, ಬೇಸಿಗೆಯಲ್ಲಿ ಟ್ಯಾಂಕರ್ ನೀರನ್ನೇ ನೆಚ್ಚಿದ ಬಡಾವಣೆಗಳ ಗೃಹಿಣಿಯರು, ಇವರಿಗೆಲ್ಲ ತಲೆಗೆ ಎರೆದುಕೊಳ್ಳುವುದು ಅರ್ಧ ದಿನದ ಕೆಲಸವಾಗಿ ಕಾಣತೊಡಗಿದೆ.

ಈ ಅವಸರದ ಬದುಕಿನ ಬಾಗಿಲಿಗೆ ಬಂದು ನಿಂತಿರುವ ವಸ್ತುವೇ ಡ್ರೈ ಶ್ಯಾಂಪೂ ಅಥವಾ ಒಣ ಶ್ಯಾಂಪೂ. ನೀರು ಬೇಡ, ನೊರೆ ಬೇಡ, ಒಣಗಿಸುವ ಗೋಜೂ ಇಲ್ಲ. ಡಬ್ಬಿಯನ್ನು ಅಲುಗಾಡಿಸಿ ತಲೆಗೆ ಸಿಂಪಡಿಸಿಕೊಂಡರೆ ಜೋತುಬಿದ್ದ ಕೂದಲು ಕೆಲವೇ ನಿಮಿಷಗಳಲ್ಲಿ ಎದ್ದು ನಿಂತು ತುಂಬಿಕೊಂಡಂತೆ ಕಾಣುತ್ತದೆ. ಹೆಣ್ಣುಮಕ್ಕಳು ಮದುವೆ-ಮುಂಜಿಗಳಿಗೆ ಹೊರಡುವಾಗ ಇದನ್ನು ಕೈಚೀಲದಲ್ಲಿ ಇಟ್ಟುಕೊಳ್ಳುವುದನ್ನು ಕಂಡು ಹಿರಿಯರು, "ಇದು ತಲೆಗೆ ಒಳ್ಳೆಯದೇ, ಕೆಟ್ಟದ್ದೇ?" ಎಂದು ಕೇಳುವುದು ಸಹಜ. ಒಂದೇ ಮಾತಿನಲ್ಲಿ ಹೌದು ಅಥವಾ ಅಲ್ಲ ಎನ್ನಲು ಬಾರದ ಈ ಪ್ರಶ್ನೆಯನ್ನು ನಾವು ಇಲ್ಲಿ ತುಸು ವಿವರವಾಗಿ ಪರಿಶೀಲಿಸಬಯಸುತ್ತೇವೆ.

ಹೆಸರು ನಮ್ಮದು, ಪುಡಿ ಅವರದು

'ಶ್ಯಾಂಪೂ' ಎಂಬ ಪದವು ಇಂಗ್ಲಿಷಿಗೆ ಹೋದದ್ದು ನಮ್ಮ ದೇಶದಿಂದಲೇ. ತಲೆಯನ್ನೂ ಮೈಯನ್ನೂ ಒತ್ತಿ ನೀವುವುದಕ್ಕೆ ಹಿಂದಿಯಲ್ಲಿ 'ಚಾಂಪೋ', 'ಚಂಪಿ' ಎಂಬ ಮಾತುಗಳಿವೆ. 1759ರಲ್ಲಿ ಪಾಟ್ನಾದಲ್ಲಿ ಹುಟ್ಟಿದ ಶೇಖ್ ದೀನ್ ಮಹಮ್ಮದ್ ಎಂಬಾತನು ಇಂಗ್ಲೆಂಡಿನ ಕಡಲತೀರದ ಪಟ್ಟಣವಾದ ಬ್ರೈಟನ್ನಿನಲ್ಲಿ ಹಬೆಸ್ನಾನದ ಗೃಹವನ್ನು ತೆರೆದು, ಅಲ್ಲಿಯ ಶ್ರೀಮಂತರಿಗೆ ಈ ನೀವುವಿಕೆಯ ರುಚಿ ಹತ್ತಿಸಿದನು. ದೊರೆ ನಾಲ್ಕನೆಯ ಜಾರ್ಜನಿಗೂ ಆತನೇ ಅಧಿಕೃತ 'ಶ್ಯಾಂಪೂ ವೈದ್ಯ'ನಾದನು. ನೀವುವಿಕೆಯ ಹೆಸರು ಕ್ರಮೇಣ ತಲೆ ತೊಳೆಯುವ ಕ್ರಿಯೆಗೂ, ಬಳಿಕ ತೊಳೆಯುವ ದ್ರವಕ್ಕೂ ಅಂಟಿಕೊಂಡಿತು. ಈಗ ನೀರನ್ನೇ ಬಿಟ್ಟು ಬರಿಯ ಪುಡಿಗೂ ಅದೇ ಹೆಸರು ಬಂದಿದೆ.

ಕೂದಲಿಗೆ ಹಿಟ್ಟು ಹಚ್ಚುವ ಪದ್ಧತಿಯಾದರೋ ಯೂರೋಪಿನದು. ಹದಿನೆಂಟನೆಯ ಶತಮಾನದಲ್ಲಿ ಅಲ್ಲಿಯ ಗಣ್ಯರು ತಮ್ಮ ಕೂದಲಿಗೂ ಕೃತಕ ಕೇಶಕ್ಕೂ ನುಣ್ಣನೆಯ ಪಿಷ್ಟದ ಪುಡಿಯನ್ನು ಧಾರಾಳವಾಗಿ ಎರಚಿಕೊಳ್ಳುತ್ತಿದ್ದರು. ಆ ಪಿಷ್ಟವನ್ನು ಹೆಚ್ಚಾಗಿ ಗೋಧಿಯಿಂದಲೇ ತೆಗೆಯಲಾಗುತ್ತಿತ್ತು. 1795ರಲ್ಲಿ ಇಂಗ್ಲೆಂಡಿನಲ್ಲಿ ಬೆಳೆ ಕೈಕೊಟ್ಟು, ರೊಟ್ಟಿಯ ಬೆಲೆ ಏರಿ, ಊರೂರುಗಳಲ್ಲಿ ದೊಂಬಿಗಳಾದವು. ಅದೇ ವರ್ಷ ಪ್ರಧಾನಿ ವಿಲಿಯಂ ಪಿಟ್ಟನ ಸರ್ಕಾರವು ಕೇಶಚೂರ್ಣ ಬಳಸುವವರ ಮೇಲೆ ವರ್ಷಕ್ಕೆ ಒಂದು ಗಿನಿಯ ತೆರಿಗೆಯನ್ನು ವಿಧಿಸಿತು. ಯುದ್ಧದ ಖರ್ಚಿಗೆ ಹಣ ಕೂಡಿಸುವುದು ಸರ್ಕಾರದ ಉದ್ದೇಶ. ಆದರೆ ಹಸಿದವರ ಎದುರಿನಲ್ಲಿ ತಿನ್ನುವ ಧಾನ್ಯವನ್ನು ತಲೆಗೆ ಸುರಿದುಕೊಳ್ಳುವುದು ಅನೇಕರಿಗೆ ನಾಚಿಕೆಯ ಸಂಗತಿಯಾಗಿ ಕಂಡಿತು. ತೆರಿಗೆ ಕೊಟ್ಟು ಪುಡಿ ಹಚ್ಚಿಕೊಂಡವರನ್ನು ಜನರು 'ಗಿನಿ ಹಂದಿ'ಗಳೆಂದು ಗೇಲಿ ಮಾಡಿದರು. ಬೇಗನೆ ಆ ಷೋಕಿಯೇ ಇಳಿಮುಖವಾಯಿತು. ಕಾನೂನು ಮಾತ್ರ 1869ರವರೆಗೆ ಪುಸ್ತಕದಲ್ಲಿ ಉಳಿದುಕೊಂಡಿತ್ತು.

ಇಪ್ಪತ್ತನೆಯ ಶತಮಾನದಲ್ಲಿ ಆ ಪುಡಿಯು ಬೇರೆ ವೇಷದಲ್ಲಿ ಮರಳಿ ಬಂತು. 1940ರ ದಶಕದಲ್ಲಿ ಅಮೆರಿಕದಲ್ಲಿ ಪುಡಿಯ ರೂಪದ ಒಣ ಶ್ಯಾಂಪೂ ಮಾರಾಟದಲ್ಲಿತ್ತು. 1970ರ ದಶಕದಲ್ಲಿ ಸಿಂಪಡಿಸುವ ಡಬ್ಬಿಗಳು ಜನಪ್ರಿಯವಾದವು. ಓಜೋನ್ ಪದರಕ್ಕೆ ಹಾನಿಯೆಂಬ ಕಾರಣದಿಂದ 1978ರಲ್ಲಿ ಅಮೆರಿಕವು ಇಂತಹ ಡಬ್ಬಿಗಳಲ್ಲಿ ಕ್ಲೋರೋಫ್ಲೋರೋಕಾರ್ಬನ್ ಅನಿಲಗಳ ಬಳಕೆಯನ್ನು ಬಹುಮಟ್ಟಿಗೆ ನಿಷೇಧಿಸಿತು. ಆ ಸ್ಥಾನಕ್ಕೆ ಬ್ಯುಟೇನ್, ಐಸೋಬ್ಯುಟೇನ್, ಪ್ರೊಪೇನ್ ಎಂಬ ಅನಿಲಗಳು ಬಂದವು. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಇದರ ಪ್ರಯೋಜನ ಬರುತ್ತದೆ.

ಕೂದಲು ಜೋತುಬೀಳುವುದೇಕೆ?

ಪ್ರತಿಯೊಂದು ಕೂದಲಿನ ಬುಡದಲ್ಲಿಯೂ ಜಿಡ್ಡನ್ನು ಸ್ರವಿಸುವ ಸಣ್ಣ ಗ್ರಂಥಿಯಿರುತ್ತದೆ. ಈ ಜಿಡ್ಡು ಶತ್ರುವಲ್ಲ. ಕೂದಲನ್ನೂ ನೆತ್ತಿಯ ಚರ್ಮವನ್ನೂ ಒಣಗದಂತೆ ಕಾಯುವ ಮಿತ್ರ. ಆದರೆ ತಲೆ ತೊಳೆದ ಒಂದೆರಡು ದಿನಗಳಲ್ಲಿ ಅದು ಬುಡದಿಂದ ಎಳೆಯ ಉದ್ದಕ್ಕೆ ಹರಿದು, ಪಕ್ಕಪಕ್ಕದ ಎಳೆಗಳನ್ನು ಒಂದಕ್ಕೊಂದು ಅಂಟಿಸುತ್ತದೆ. ಹತ್ತು ಎಳೆಗಳು ಕೂಡಿ ಒಂದೇ ಎಳೆಯಂತಾದಾಗ ಬೈತಲೆ ಅಗಲವಾಗಿ ಕಾಣುತ್ತದೆ, ನೆತ್ತಿ ಚಪ್ಪಟೆಯಾಗುತ್ತದೆ. ನೇರವಾದ, ಸಪೂರ ಕೂದಲಿನವರಲ್ಲಿ ಇದು ಬೇಗ, ಗುಂಗುರು ಕೂದಲಿನವರಲ್ಲಿ ನಿಧಾನ. ಏಕೆಂದರೆ ಸುರುಳಿಯ ಹಾದಿಯಲ್ಲಿ ಜಿಡ್ಡು ಸಲೀಸಾಗಿ ಇಳಿಯಲಾರದು.

ಒಣ ಶ್ಯಾಂಪೂವಿನ ಮುಖ್ಯ ದ್ರವ್ಯ ಪಿಷ್ಟ. ಅಕ್ಕಿ, ಮೆಕ್ಕೆಜೋಳ ಅಥವಾ ಮರಗೆಣಸಿನಿಂದ ತೆಗೆದ ಪಿಷ್ಟವನ್ನು ಬಳಸುತ್ತಾರೆ. ಇವುಗಳಲ್ಲಿ ಅಕ್ಕಿಯ ಪಿಷ್ಟದ ಕಣಗಳು ಅತಿ ಸಣ್ಣವು. ಕೆಲವು ತಯಾರಿಕೆಗಳಲ್ಲಿ ಸಿಲಿಕಾ ಅಥವಾ ಬಿಳಿಯ ಜೇಡಿಮಣ್ಣೂ ಇರುತ್ತದೆ. ಈ ಕಣಗಳು ಎರಡು ಕೆಲಸ ಮಾಡುತ್ತವೆ. ಮೊದಲನೆಯದು, ಎಳೆಗಳ ಮೇಲಿನ ಜಿಡ್ಡನ್ನು ಹೀರಿಕೊಂಡು ಅಂಟು ಬಿಡಿಸುವುದು. ಎರಡನೆಯದು, ಎಳೆಗಳ ನಡುವೆ ಕುಳಿತು ಅವು ಜಾರಿ ಒಂದರ ಮೇಲೊಂದು ಬೀಳದಂತೆ ತಡೆಯುವುದು. ನಯವಾದ ಎಳೆಗೆ ತುಸು ಒರಟುತನ ಬಂದಾಗ ಅದು ಪಕ್ಕದ ಎಳೆಯ ಮೇಲೆ ಒರಗಿ ನಿಲ್ಲುತ್ತದೆ. ಕೂದಲು ದಟ್ಟವಾಯಿತೆಂಬ ತೋರ್ಕೆಯ ಗುಟ್ಟು ಇಷ್ಟೆ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಹೀರಲ್ಪಟ್ಟ ಜಿಡ್ಡು, ಬೆವರಿನ ಉಪ್ಪು, ಧೂಳು, ಇವು ಯಾವುವೂ ತಲೆಯನ್ನು ಬಿಟ್ಟು ಹೋಗಿರುವುದಿಲ್ಲ. ಅವುಗಳ ಜೊತೆಗೆ ಪುಡಿಯೂ ಸೇರಿರುತ್ತದೆ. ಬಾಚಿದಾಗ ಅಲ್ಪಭಾಗ ಉದುರೀತು, ಉಳಿದದ್ದು ನೆತ್ತಿಯ ಮೇಲೆಯೇ ಇರುತ್ತದೆ. ಆದುದರಿಂದ ಹೆಸರಿನಲ್ಲಿ ಶ್ಯಾಂಪೂ ಇದ್ದರೂ ಇದು ತಲೆಯನ್ನು ತೊಳೆಯುವ ವಸ್ತುವಲ್ಲ, ಅಲಂಕಾರದ ವಸ್ತು. ಈ ಭೇದವನ್ನು ಅರಿತವರಿಗೆ ಇದರಿಂದ ಉಪಕಾರವುಂಟು, ಅರಿಯದವರಿಗೆ ತೊಂದರೆಯೇ ಹೆಚ್ಚು.

ಬಳಸುವ ಕ್ರಮ

ಒಣ ಶ್ಯಾಂಪೂವನ್ನು ಒಣಗಿದ ಕೂದಲಿಗೆ ಮಾತ್ರ ಬಳಸಬೇಕು. ಒದ್ದೆಯ ಕೂದಲಿಗೆ ಬಿದ್ದ ಪಿಷ್ಟವು ಗಂಜಿಯಂತಾಗಿ ಎಳೆಗಳಿಗೆ ಮೆತ್ತಿಕೊಳ್ಳುತ್ತದೆ. ಮೊದಲು ಸಿಕ್ಕು ಬಿಡಿಸಿ, ಹೆಗಲಿಗೊಂದು ಹಳೆಯ ಬಟ್ಟೆ ಹೊದ್ದುಕೊಳ್ಳಬೇಕು. ಡಬ್ಬಿಯನ್ನು ಚೆನ್ನಾಗಿ ಅಲುಗಾಡಿಸಬೇಕು, ಇಲ್ಲವಾದರೆ ಪುಡಿ ತಳದಲ್ಲಿಯೇ ಉಳಿದು ಬರಿಯ ಅನಿಲ ಹೊರಬರುತ್ತದೆ. ಬೆರಳಗಲದ ಪದರುಗಳಾಗಿ ಕೂದಲನ್ನು ಎತ್ತಿ ಹಿಡಿದು, ಎಂಟು ಹತ್ತು ಅಂಗುಲ ದೂರದಿಂದ ಬುಡಕ್ಕೆ ಮಾತ್ರ ಒಂದೊಂದು ಕ್ಷಣ ಸಿಂಪಡಿಸಬೇಕು. ಹತ್ತಿರದಿಂದ ಸಿಂಪಡಿಸಿದರೆ ಒಂದೇ ಕಡೆ ಬಿಳಿಯ ಕಲೆ ಕಟ್ಟುತ್ತದೆ. ತುದಿಗಳು ಸ್ವಭಾವತಃ ಒಣಗಿರುತ್ತವೆಯಾದ್ದರಿಂದ ಅವುಗಳಿಗೆ ಪುಡಿ ಬೇಕಿಲ್ಲ.

ಅನೇಕರು ಅವಸರಪಡುವುದು ಇದರ ಮುಂದಿನ ಹಂತದಲ್ಲಿ. ಸಿಂಪಡಿಸಿದ ಕೂಡಲೇ ಬಾಚಬಾರದು. ಪಿಷ್ಟಕ್ಕೆ ಜಿಡ್ಡು ಹೀರಲು ಎರಡು ಮೂರು ನಿಮಿಷಗಳ ಕಾಲ ಬೇಕು. ಆ ಬಳಿಕ ಬೆರಳ ತುದಿಗಳಿಂದ, ಉಗುರು ತಾಗಿಸದೆ, ಬುಡವನ್ನು ಮೆಲ್ಲನೆ ಉಜ್ಜಿ, ಕೊನೆಗೆ ಬ್ರಷ್‌ನಿಂದ ಹೆಚ್ಚಿನ ಪುಡಿಯನ್ನು ಕೊಡವಬೇಕು. ಕಪ್ಪು ಕೂದಲಿನ ಮೇಲೆ ಬೂದುಬಣ್ಣ ಉಳಿಯಿತೆಂದರೆ ಪುಡಿ ಹೆಚ್ಚಾಯಿತೆಂದೇ ಅರ್ಥ. ಗಾಢವರ್ಣದ ಕೂದಲಿಗೆಂದೇ ಬಣ್ಣ ಬೆರೆಸಿದ ಬಗೆಗಳೂ ದೊರೆಯುತ್ತವೆ. ಅವು ಬಿಳಿಯ ದಿಂಬು, ಬಿಳಿಯ ರವಿಕೆಗೆ ತಗುಲಬಹುದೆಂಬುದನ್ನು ಮರೆಯಬಾರದು.

ತುಂಬು ನೋಟ ಬೇಕಾದವರು ತಲೆಯನ್ನು ಮುಂದಕ್ಕೆ ಬಾಗಿಸಿ, ಕೂದಲನ್ನು ಕೆಳಮುಖವಾಗಿ ಇಳಿಬಿಟ್ಟು, ಹಿಂಬದಿಯ ಬುಡಗಳಿಗೆ ಸಿಂಪಡಿಸಿ, ಬೆರಳಾಡಿಸಿ, ಅನಂತರ ತಲೆ ಎತ್ತಬೇಕು. ರೂಢಿಯ ಬೈತಲೆಯನ್ನು ಅರ್ಧ ಅಂಗುಲದಷ್ಟು ಪಕ್ಕಕ್ಕೆ ಸರಿಸಿದರೂ ಬುಡಗಳು ತಾವಾಗಿಯೇ ಎದ್ದು ನಿಲ್ಲುತ್ತವೆ. ಬೆಳಗಿನ ಹೊತ್ತು ಬಿಡುವಿಲ್ಲದವರು ರಾತ್ರಿ ಮಲಗುವ ಮುನ್ನ ಅತಿ ಕಡಿಮೆ ಪ್ರಮಾಣದಲ್ಲಿ ಬುಡಕ್ಕೆ ಹಚ್ಚಿ, ಸಡಿಲವಾದ ಜಡೆ ಹೆಣೆದು ಮಲಗಿದರೆ ಬೆಳಗ್ಗೆ ಬಾಚಿದಾಗ ಬಿಳುಪೂ ಕಾಣದು, ಕೂದಲೂ ಹಗುರಾಗಿರುತ್ತದೆ.

ತುರುಬು, ಜಡೆ ಮತ್ತು ಹೂವು

ಆಗತಾನೇ ತೊಳೆದ ಕೂದಲು ತುರುಬಿಗೆ ನಿಲ್ಲುವುದಿಲ್ಲವೆಂಬುದು ಮದುಮಗಳನ್ನು ಸಿಂಗರಿಸುವ ಎಲ್ಲರಿಗೂ ತಿಳಿದದ್ದೇ. ಪಿನ್ನುಗಳು ಜಾರುತ್ತವೆ, ಮೊಗ್ಗಿನ ಜಡೆ ತೂಗಿ ಕೆಳಗಿಳಿಯುತ್ತದೆ, ದಂಡೆ ಒಂದು ಪಕ್ಕಕ್ಕೆ ವಾಲುತ್ತದೆ. ಇಂತಹ ಸಮಯದಲ್ಲಿ ಒಣ ಶ್ಯಾಂಪೂ ಜಿಡ್ಡು ತೆಗೆಯುವುದಕ್ಕಿಂತ ಹಿಡಿತ ಕೊಡುವುದಕ್ಕೇ ಹೆಚ್ಚು ಉಪಯುಕ್ತ. ತುರುಬು ಕಟ್ಟುವ ಮುನ್ನ ಬುಡ ಮತ್ತು ನಡುಭಾಗಕ್ಕೆ ಹಗುರವಾಗಿ ಪುಡಿ ತಾಗಿಸಿದರೆ ಕೂದಲು ಕೈಗೆ ಸಿಕ್ಕುತ್ತದೆ. ಪಿನ್ನುಗಳನ್ನೇ ಒಂದು ಕಾಗದದ ಮೇಲಿಟ್ಟು ಅವುಗಳಿಗೆ ಸಿಂಪಡಿಸಿ ಬಳಸುವ ಪದ್ಧತಿಯೂ ಉಂಟು. ಸಪೂರವಾದ ಜಡೆಯನ್ನು ಹೆಣೆದ ಮೇಲೆ ಪ್ರತಿ ಕಾಲನ್ನೂ ಅಂಚಿನಲ್ಲಿ ಮೆಲ್ಲನೆ ಎಳೆದು ಅಗಲಿಸಿದರೆ ಅದು ದಪ್ಪವಾಗಿ ಕಾಣುತ್ತದೆ. ಪುಡಿಯಿರುವುದರಿಂದ ಹಾಗೆ ಅಗಲಿಸಿದ್ದು ಹಾಗೆಯೇ ನಿಲ್ಲುತ್ತದೆ. ಹೂವಿನ ದಂಡೆಯನ್ನು ಮಾತ್ರ ಸಿಂಪಡಿಸಿದ ಮೇಲೆಯೇ ಮುಡಿಸಬೇಕು, ಮೊದಲಲ್ಲ.

ಬುಡದಿಂದ ಮೇಲಕ್ಕೆ ಹಿಮ್ಮುಖವಾಗಿ ಬಾಚಿ ಕೂದಲನ್ನು ಉಬ್ಬಿಸುವ ಹಳೆಯ ರೂಢಿಗಿಂತ ಇದು ಮೃದುವೆಂದೇ ನಮ್ಮ ಅಭಿಪ್ರಾಯ. ಹಿಮ್ಮುಖವಾಗಿ ಬಾಚಿದಾಗ ಎಳೆಯ ಹೊರಪದರ ಸುಲಿದು ಕೂದಲು ತುಂಡಾಗುವ ಸಂಭವವಿದೆ.

ಎಣ್ಣೆಯ ತಲೆಗೆ ಒಗ್ಗುವುದೇ?

ಈ ವಸ್ತುವನ್ನು ರೂಪಿಸಿದವರ ಕಣ್ಣೆದುರಿಗಿದ್ದದ್ದು ತಲೆಗೆ ಎಣ್ಣೆ ಹಚ್ಚದ ಜನ. ಗ್ರಂಥಿಗಳಿಂದ ಬರುವ ಅಲ್ಪ ಜಿಡ್ಡನ್ನು ಹೀರುವಷ್ಟೇ ಇದರ ಶಕ್ತಿ. ಕೊಬ್ಬರಿ ಎಣ್ಣೆಯನ್ನೋ ಹರಳೆಣ್ಣೆಯನ್ನೋ ಅಂಗೈ ತುಂಬ ಹಚ್ಚಿದ ತಲೆಗೆ ಇದನ್ನು ಎರಚಿದರೆ ಹಿಟ್ಟು ಎಣ್ಣೆ ಕೂಡಿ ಕಣಕವಾದೀತೇ ಹೊರತು ಕೂದಲು ಹಗುರವಾಗದು. ಆದುದರಿಂದ ಎಣ್ಣೆ ಹಚ್ಚಿದ ದಿನ ಇದರ ಗೊಡವೆಗೆ ಹೋಗದಿರುವುದೇ ಲೇಸು. ಎಣ್ಣೆ ಹಚ್ಚಿ, ತೊಳೆದು, ಒಣಗಿದ ಬಳಿಕ ಎರಡನೆಯ ಅಥವಾ ಮೂರನೆಯ ದಿನವೇ ಇದಕ್ಕೆ ತಕ್ಕ ಸಮಯ.

ಹವಾಗುಣವನ್ನೂ ನೋಡಬೇಕು. ಕರಾವಳಿಯ ಸೆಕೆಯಲ್ಲಿ ಬೆವರಿನಿಂದ ಪಿಷ್ಟ ನೆನೆದು ಅಂಟಾಗುತ್ತದೆ. ಅಲ್ಲಿ ಬಹಳ ಕಡಿಮೆ ಬಳಸಬೇಕು. ಬಯಲುಸೀಮೆಯ ಒಣಹವೆಯಲ್ಲಿ ಪುಡಿ ಚೆನ್ನಾಗಿ ನಿಲ್ಲುತ್ತದೆಯಾದರೂ, ಮೊದಲೇ ಒಣಗಿದ ಕೂದಲು ಇನ್ನಷ್ಟು ಬಿರುಸಾಗುತ್ತದೆ.

ಮನೆಯಲ್ಲಿಯೇ ಪುಡಿ

ಡಬ್ಬಿಯನ್ನು ಕೊಳ್ಳಲೇಬೇಕೆಂಬ ನಿಯಮವಿಲ್ಲ. ಅಂಗಡಿಯಲ್ಲಿ ದೊರೆಯುವ ಮೆಕ್ಕೆಜೋಳದ ಪಿಷ್ಟ ಅಥವಾ ಕೂವೆಹಿಟ್ಟನ್ನು ತೆಳುಬಟ್ಟೆಯಲ್ಲಿ ಜರಡಿ ಹಿಡಿದು, ಎರಡು ಚಮಚೆಗೆ ಒಂದು ಚಮಚೆ ಸಿಹಿಯಿಲ್ಲದ ಕೋಕೋ ಪುಡಿ ಬೆರೆಸಿದರೆ ಕಪ್ಪು ಕೂದಲಿನ ಮೇಲೆ ಬಿಳುಪು ಎದ್ದು ಕಾಣದ ಚೂರ್ಣ ಸಿದ್ಧವಾಗುತ್ತದೆ. ಮೆತ್ತನೆಯ ಬ್ರಷ್‌ನಿಂದ ಚಿಟಿಕೆಯಷ್ಟನ್ನು ಬುಡಕ್ಕೆ ತಾಗಿಸಿ, ಮೇಲೆ ಹೇಳಿದಂತೆಯೇ ಕಾದು ಬಾಚಬೇಕು. ಗಾಳಿಯಾಡದ ಸೀಸೆಯಲ್ಲಿಟ್ಟು ತೇವ ತಾಗದಂತೆ ನೋಡಿಕೊಳ್ಳಬೇಕು.

ಮುಖಕ್ಕೆ ಹಚ್ಚುವ ಟಾಲ್ಕಂ ಪೌಡರನ್ನೇ ತಲೆಗೂ ಉದುರಿಸಿಕೊಳ್ಳುವ ಅಭ್ಯಾಸ ಕೆಲವರಲ್ಲಿದೆ. ಇದನ್ನು ಬಿಡುವುದು ಉತ್ತಮ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2024ರ ಜುಲೈನಲ್ಲಿ ಟಾಲ್ಕನ್ನು ಮನುಷ್ಯರಿಗೆ 'ಬಹುಶಃ ಕ್ಯಾನ್ಸರ್‌ಕಾರಕ'ವೆಂಬ ವರ್ಗಕ್ಕೆ ಸೇರಿಸಿತು. ಯಾವುದೇ ಪುಡಿಯಾಗಲಿ, ಉಸಿರಿನೊಡನೆ ಒಳಗೆ ಹೋಗದಂತೆ ಎಚ್ಚರ ವಹಿಸಬೇಕು. ಎಳೆಯ ಮಕ್ಕಳು ಮತ್ತು ಉಬ್ಬಸದ ರೋಗಿಗಳು ಇರುವ ಕೋಣೆಯಲ್ಲಿ ಇದನ್ನು ಬಳಸಲೇಬಾರದು.

ಡಬ್ಬಿಯೊಳಗಿನ ಎಚ್ಚರಿಕೆ

ಸಿಂಪಡಿಸುವ ಡಬ್ಬಿಯಲ್ಲಿರುವ ಬ್ಯುಟೇನ್, ಪ್ರೊಪೇನ್ ಅನಿಲಗಳೆಂದರೆ ನಮ್ಮ ಅಡುಗೆಮನೆಯ ಸಿಲಿಂಡರಿನಲ್ಲಿರುವ ಅನಿಲಗಳೇ. ಒಲೆಯ ಬಳಿ, ದೇವರ ದೀಪದ ಮುಂದೆ, ಊದುಬತ್ತಿ ಉರಿಯುವಲ್ಲಿ ಇದನ್ನು ಸಿಂಪಡಿಸುವುದು ಬೆಂಕಿಗೆ ಆಹ್ವಾನವಿತ್ತಂತೆ. ಕೂದಲು ಒಣಗಿಸುವ ಬಿಸಿಯಂತ್ರವನ್ನೂ ಒಡನೆಯೇ ಬಳಸಕೂಡದು. 50 ಡಿಗ್ರಿ ಸೆಲ್ಸಿಯಸ್ ಮೀರಿದ ಶಾಖಕ್ಕೆ ಡಬ್ಬಿಯನ್ನು ಒಡ್ಡಬಾರದೆಂಬ ಸೂಚನೆ ಇಂತಹ ಡಬ್ಬಿಗಳ ಮೇಲೆಯೇ ಅಚ್ಚಾಗಿರುತ್ತದೆ. ಕಲಬುರಗಿ, ರಾಯಚೂರುಗಳ ಬೇಸಿಗೆಯಲ್ಲಿ ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಅಷ್ಟು ಶಾಖವೇರಲು ಹೆಚ್ಚು ಹೊತ್ತು ಬೇಡ.

ಇನ್ನೊಂದು ಸಂಗತಿ ಜಗತ್ತಿನ ಗಮನಕ್ಕೆ ಬಂದದ್ದು ಇತ್ತೀಚೆಗೆ. 2021ರ ಡಿಸೆಂಬರಿನಲ್ಲಿ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿಯೂ, 2022ರ ಅಕ್ಟೋಬರಿನಲ್ಲಿ ಯೂನಿಲಿವರ್ ಕಂಪನಿಯೂ ಅಮೆರಿಕದ ಮಾರುಕಟ್ಟೆಯಿಂದ ಹಲವು ಸಿಂಪಡಿಸುವ ಒಣ ಶ್ಯಾಂಪೂಗಳನ್ನು ಹಿಂದಕ್ಕೆ ಪಡೆದವು. ಅವುಗಳಲ್ಲಿ ಬೆಂಜೀನ್ ಎಂಬ ರಾಸಾಯನಿಕದ ಅಂಶ ಇರಬಹುದೆಂಬುದೇ ಕಾರಣ. ಬೆಂಜೀನಿಗೆ ದೀರ್ಘಕಾಲ ಒಡ್ಡಿಕೊಂಡವರಿಗೆ ರಕ್ತದ ಕ್ಯಾನ್ಸರ್ ಬರಬಹುದೆಂಬುದು ಸಿದ್ಧಪಟ್ಟ ವಿಷಯ. ಪಿಷ್ಟದಲ್ಲಿ ದೋಷವಿರಲಿಲ್ಲ. ಪುಡಿಯನ್ನು ಹೊರದೂಡುವ ಅನಿಲವೇ ಇದರ ಮೂಲವೆಂದು ಯೂನಿಲಿವರ್‌ನ ತನಿಖೆ ಕಂಡುಕೊಂಡಿತು. ಪೆಟ್ರೋಲಿಯಂ ಮೂಲದ ಅನಿಲವನ್ನು ಸರಿಯಾಗಿ ಶುದ್ಧಗೊಳಿಸದಿದ್ದಾಗ ಹೀಗಾಗುತ್ತದೆ. ಪತ್ತೆಯಾದ ಪ್ರಮಾಣದಿಂದ ಅಪಾಯದ ನಿರೀಕ್ಷೆಯಿಲ್ಲ, ಇದು ಮುಂಜಾಗ್ರತೆಯ ಕ್ರಮವೆಂದು ಕಂಪನಿಗಳು ತಿಳಿಸಿದ್ದವು. ಭಯಪಡುವ ಅಗತ್ಯವಿಲ್ಲವಾದರೂ, ಕಿಟಕಿ ತೆರೆದು ಬಳಸುವುದು, ಉಸಿರು ಬಿಗಿಹಿಡಿದು ಸಿಂಪಡಿಸಿ ತುಸು ದೂರ ಸರಿಯುವುದು, ವಿದೇಶದಿಂದ ಬಂಧುಗಳು ತಂದುಕೊಟ್ಟ ಹಳೆಯ ಡಬ್ಬಿಗಳ ತಯಾರಿಕೆಯ ದಿನಾಂಕ ನೋಡುವುದು ವಿವೇಕ. ಅನಿಲವಿಲ್ಲದ, ಬರಿಯ ಪುಡಿಯ ಬಗೆಗಳನ್ನು ಆರಿಸಿಕೊಂಡರೆ ಈ ಚಿಂತೆಯೇ ಇಲ್ಲ.

ಹಾಸಿಗೆ ಹಿಡಿದವರಿಗೆ

ಅಲಂಕಾರದ ಮಾತು ಹಾಗಿರಲಿ. ಶಸ್ತ್ರಚಿಕಿತ್ಸೆಯಾಗಿ ಮಲಗಿದವರಿಗೆ, ಕಾಲು ಮುರಿದು ಎದ್ದು ಕೂರಲಾಗದ ಹಿರಿಯರಿಗೆ ವಾರಗಟ್ಟಲೆ ತಲೆಗೆ ನೀರು ಹಾಕಲಾಗುವುದಿಲ್ಲ. ಜಿಡ್ಡುಗಟ್ಟಿದ ಕೂದಲು ಅವರಿಗೆ ಮೈನೋವಿಗಿಂತ ಹೆಚ್ಚಿನ ಮನೋವ್ಯಥೆ ಕೊಡುವುದುಂಟು. ಅಂಥವರ ತಲೆಯ ಕೆಳಗೆ ಟವೆಲು ಹಾಸಿ, ಕಣ್ಣುಗಳ ಮೇಲೆ ಬಟ್ಟೆ ಮುಚ್ಚಿ, ಮನೆಯ ಪುಡಿಯನ್ನು ಕೈಯಿಂದಲೇ ಬುಡಕ್ಕೆ ತಾಗಿಸಿ ನಿಧಾನವಾಗಿ ಬಾಚಿದರೆ ಅವರ ಮುಖದಲ್ಲಿ ಗೆಲುವು ಮೂಡುತ್ತದೆ. ಗಾಯ ಅಥವಾ ಹೊಲಿಗೆ ತಲೆಯಲ್ಲಿದ್ದರೆ ಮಾತ್ರ ವೈದ್ಯರನ್ನು ಕೇಳದೆ ಏನನ್ನೂ ಹಚ್ಚಬಾರದು.

ಕೂದಲು ನಿಜವಾಗಿಯೇ ತೆಳ್ಳಗಾದಾಗ

ಕೊನೆಯದಾಗಿ ನಾವು ಹೇಳಬೇಕೆಂದಿರುವ ಮಾತು ಎಲ್ಲಕ್ಕಿಂತ ಮುಖ್ಯವಾದುದು. ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ಹೆರಿಗೆಯಾದ ಎರಡು ನಾಲ್ಕು ತಿಂಗಳಲ್ಲಿ ಇನ್ನೂ ಹೆಚ್ಚು ಉದುರುತ್ತದೆ. ಬಹುಪಾಲು ತಾಯಂದಿರಲ್ಲಿ ಅದು ತಾನಾಗಿಯೇ ಸರಿಹೋಗುತ್ತದೆ. ಆದರೆ ತಿಂಗಳಿಂದ ತಿಂಗಳಿಗೆ ಜಡೆ ಸಣ್ಣದಾಗುತ್ತ, ಬೈತಲೆ ಅಗಲವಾಗುತ್ತ ಹೋದರೆ ಅದನ್ನು ಪುಡಿಯಿಂದ ಮುಚ್ಚಿಟ್ಟು ಸುಮ್ಮನಾಗಬಾರದು. ಕಬ್ಬಿಣಾಂಶದ ಕೊರತೆ, ಥೈರಾಯ್ಡ್ ದೋಷಗಳು ತಮ್ಮನ್ನು ಪ್ರಕಟಿಸಿಕೊಳ್ಳುವುದು ಅನೇಕ ವೇಳೆ ಕೂದಲಿನ ಮೂಲಕವೇ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವರ್ಷದೊಳಗಿನ ಸ್ತ್ರೀಯರಲ್ಲಿ ಶೇ. 57ರಷ್ಟು ಮಂದಿ ರಕ್ತಹೀನತೆಯಿಂದ ಬಳಲುತ್ತಿದ್ದರು. ಎಲ್ಲರ ಊಟವಾದ ಮೇಲೆ ಉಳಿದದ್ದನ್ನು ಉಣ್ಣುವ ಗೃಹಿಣಿಯ ತಲೆಗೂದಲು ತೆಳುವಾದರೆ, ಅದಕ್ಕೆ ಉತ್ತರ ಕನ್ನಡಿಯ ಮುಂದಿನ ಡಬ್ಬಿಯಲ್ಲಿಲ್ಲ. ಅದು ರಕ್ತಪರೀಕ್ಷೆಯಲ್ಲಿದೆ, ಸೊಪ್ಪು-ಕಾಳುಗಳಿಂದ ತುಂಬಿದ ತಟ್ಟೆಯಲ್ಲಿದೆ.

ಹೊಟ್ಟು, ನವೆ, ಗುಳ್ಳೆಗಳಿದ್ದವರೂ ಒಣ ಶ್ಯಾಂಪೂವಿನಿಂದ ದೂರವಿರಬೇಕು. ನೆತ್ತಿಯ ಜಿಡ್ಡನ್ನುಂಡು ಬೆಳೆಯುವ ಸೂಕ್ಷ್ಮ ಶಿಲೀಂಧ್ರಕ್ಕೂ ಹೊಟ್ಟಿಗೂ ಸಂಬಂಧವಿದೆ. ಜಿಡ್ಡನ್ನು ತೊಳೆಯದೆ ಮೇಲೊಂದು ಪದರು ಪುಡಿ ಹಾಕುವುದರಿಂದ ನವೆ ಹೆಚ್ಚಬಹುದು. ಆರೋಗ್ಯವಂತರಾದರೂ ವಾರಕ್ಕೆ ಒಂದೆರಡು ಸಲಕ್ಕಿಂತ ಹೆಚ್ಚು ಬಳಸದೆ, ಪ್ರತಿ ಬಳಕೆಯ ಒಂದೆರಡು ದಿನಗಳಲ್ಲಿ ನೀರು ಹಾಕಿ ತಲೆಯನ್ನು ಚೆನ್ನಾಗಿ ತೊಳೆಯುವುದು ಕ್ಷೇಮ. ತೊಳೆಯಲು ಸೀಗೆಯಾದರೂ ಸರಿ, ಸೌಮ್ಯವಾದ ಶ್ಯಾಂಪೂವಾದರೂ ಸರಿ.

ಹೊಸ ವಸ್ತುಗಳನ್ನೆಲ್ಲ ದೂರುವುದು ಜಾಣತನವಲ್ಲ, ಬಂದುದನ್ನೆಲ್ಲ ತಲೆಯ ಮೇಲೆ ಹೊತ್ತುಕೊಳ್ಳುವುದೂ ಜಾಣತನವಲ್ಲ. ಅವಸರದ ದಿನಕ್ಕೊಂದು ಆಸರೆಯಾಗಿ, ಸಮಾರಂಭದ ತುರುಬಿಗೊಂದು ಹಿಡಿತವಾಗಿ, ರೋಗಿಯ ಮನಸ್ಸಿಗೊಂದು ಸಮಾಧಾನವಾಗಿ ಒಣ ಶ್ಯಾಂಪೂ ನಮ್ಮ ಮನೆಗಳಲ್ಲಿ ಇರಲಿ. ಆದರೆ ಮಗಳು ಡಬ್ಬಿಯನ್ನು ಕೈಗೆತ್ತಿಕೊಂಡಾಗ ತಾಯಿ ಒಂದು ಮಾತನ್ನು ಕೇಳುವುದನ್ನು ಮರೆಯದಿರಲಿ: "ತಲೆಗೆ ಎರೆದುಕೊಂಡು ಎಷ್ಟು ದಿನವಾಯಿತು?"